ವಾಲ್ವಣ್ಣನ ಕಿವಿ

ಕನ್ನಡಕದ ಅಂಗಡಿಯವರಿಗೆ ಬೀದಿಯ ಜನ ವಾಲ್ವಣ್ಣ ಎಂದು ಹೆಸರಿಟ್ಟು ಹದಿನೈದು ವರ್ಷವಾಗಿತ್ತು. ಹೆಸರಿಟ್ಟವರು ಯಾರೆಂದು ಅವರು ಹುಡುಕಲು ಹೋಗಿರಲಿಲ್ಲ, ಏಕೆಂದರೆ ಅದು ಅವರಿಗೆ ಒಳಗೊಳಗೇ ಹಿತವಾಗಿತ್ತು. ಒಂದು ಹಳೆಯ ಚಿತ್ರಮಂದಿರವನ್ನು ಕೆಡವುವಾಗ ಅಲ್ಲಿನ ಆಂಪ್ಲಿಫೈಯರನ್ನು ಅವರು ಕೈಗಾಡಿಯಲ್ಲಿ ಹೇರಿಸಿಕೊಂಡು ಬಂದಿದ್ದರು. ಮನೆಯ ಮಹಡಿ ಹತ್ತಿಸಲು ನಾಲ್ಕು ಜನ ಬೇಕಾಯಿತು. ಅವರಲ್ಲೊಬ್ಬನ ಸೊಂಟ ಇಂದಿಗೂ ನೆಟ್ಟಗಾಗಿಲ್ಲ. ಕಪ್ಪು ಕಬ್ಬಿಣದ ಪೆಟ್ಟಿಗೆ, ಅದರ ನೆತ್ತಿಯ ಮೇಲೆ ಸಾಲಾಗಿ ಆರು ವಾಲ್ವುಗಳು, ಹಳೆಯ ರೇಡಿಯೊಗಳ ಒಳಗಿರುತ್ತಿದ್ದಂಥ ಗಾಜಿನ ಬುರುಡೆಗಳು. ಗುಂಡಿ ಒತ್ತಿದ ತಕ್ಷಣ ಹಾಡಿಬಿಡುವ ಜಾತಿಯಲ್ಲ ಅದು. ಅರ್ಧ ಗಂಟೆ ಕಾಯಬೇಕು. ಮೊದಲು ವಾಲ್ವುಗಳ ಒಡಲಲ್ಲಿ ಕೆಂಡದಂಥ ಒಂದು ಎಳೆ ಮೂಡುತ್ತದೆ, ಆಮೇಲೆ ಕೋಣೆ ಬಿಸಿಯಾಗುತ್ತದೆ, ಆಮೇಲೆ ಕೂತವರ ಬೆನ್ನು ಬೆವರುತ್ತದೆ, ಆಮೇಲೆ ಸಂಗೀತ.

ವಾಲ್ವಣ್ಣನ ಲೆಕ್ಕದಲ್ಲಿ ಪ್ರಪಂಚದಲ್ಲಿ ಇದ್ದದ್ದು ಎರಡೇ ಕುಲ. ವಾಲ್ವಿನವರು, ಆಮೇಲೆ ವಾಲ್ವಿನ ಜಾಗಕ್ಕೆ ಬಂದ ಕಾಳಿನಷ್ಟು ಸಣ್ಣ ಟ್ರಾನ್ಸಿಸ್ಟರಿನವರು. ಟ್ರಾನ್ಸಿಸ್ಟರಿನವರು ನಿಂತುಕೊಂಡು ತಿನ್ನುತ್ತಾರೆ, ಮಾತು ಮುಗಿಯುವ ಮೊದಲೇ ಎದ್ದು ಹೋಗುತ್ತಾರೆ, ಕನ್ನಡಕವನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸದೆ ಅಂಗಿಯ ತುದಿಯಲ್ಲಿ ಉಜ್ಜುತ್ತಾರೆ. ಅಂಗಡಿಗೆ ಬಂದವರು ಅಂಗಿಯ ತುದಿಗೆ ಕೈ ಹಾಕಿದರೆ ಸಾಕು, ಅವರ ಮನೆಯಲ್ಲಿ ಎಂಥ ಪೆಟ್ಟಿಗೆ ಇದೆಯೆಂದು ವಾಲ್ವಣ್ಣನಿಗೆ ತಿಳಿದುಹೋಗುತ್ತಿತ್ತು.

ವಾಲ್ವಿನವರಿಗೊಂದು ಸಂಘವೂ ಇತ್ತು. ವಾಲ್ವಣ್ಣ ಅಧ್ಯಕ್ಷರು, ಎದುರು ಮನೆಯ ವಕೀಲರು ಕಾರ್ಯದರ್ಶಿ, ಮುಂದಿನ ತಿರುವಿನ ಹಲ್ಲಿನ ಡಾಕ್ಟರು ಖಜಾಂಚಿ. ಸದಸ್ಯರು ಯಾರೂ ಇರಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಮೂವರೂ ಪರದೆ ಎಳೆದುಕೊಂಡು ಕೂತು ರೆಕಾರ್ಡು ಕೇಳುತ್ತಿದ್ದರು. ಒಂದು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಮೊದಲು ಬಾಯಿ ಬಿಟ್ಟವನು ಹಗುರ ಮನುಷ್ಯನಾಗಿಬಿಡುತ್ತಾನೆ. ಕೊನೆಗೆ ವಕೀಲರು, "ಎಂಥ ಮೈ ಇದೆ ನೋಡಿ ದನಿಗೆ" ಎನ್ನುತ್ತಿದ್ದರು. ಡಾಕ್ಟರು, "ಮೈ ಅಷ್ಟೇ ಅಲ್ಲ, ಉಸಿರೂ ಇದೆ" ಎನ್ನುತ್ತಿದ್ದರು. ಅಧ್ಯಕ್ಷರು ವಾಲ್ವುಗಳ ಕಡೆ ಕೈ ತೋರಿಸುತ್ತಿದ್ದರು, ಹೆತ್ತ ಮಕ್ಕಳನ್ನು ತೋರಿಸಿದ ಹಾಗೆ.

ಆ ಮನೆಯಲ್ಲಿ ನಿಜವಾಗಿ ಕಿವಿ ಇದ್ದವರು ಹೆಂಡತಿ. ಆಕೆ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಂದು ಹಲೋ ಕೇಳಿದರೆ ಸಾಕು, ಮಾತಾಡುತ್ತಿರುವವರು ಕೂತಿದ್ದಾರೋ ನಿಂತಿದ್ದಾರೋ, ಪಕ್ಕದಲ್ಲಿ ಇನ್ನೊಬ್ಬರು ಇದ್ದಾರೋ ಇಲ್ಲವೋ, ಈಗಷ್ಟೇ ಜಗಳವಾಡಿ ಬಂದಿದ್ದಾರೋ ಎಂದು ಹೇಳಬಲ್ಲವರು. ಆದರೆ ಸಂಘ ಆಕೆಯ ಅಭಿಪ್ರಾಯವನ್ನು ಕೇಳಿದ್ದೇ ಇಲ್ಲ. ಟೆಲಿಫೋನಿನ ದನಿ ದನಿಯೇ ಅಲ್ಲವೆಂದು ಸಂಘ ಎಂದೋ ತೀರ್ಮಾನಿಸಿಬಿಟ್ಟಿತ್ತು.

ಆಕೆಗೊಬ್ಬ ತಮ್ಮ. ಲಿಫ್ಟ್ ರಿಪೇರಿ ಮಾಡುವವನು. ಅವನು ಒಂದು ದಿನ ಇಟ್ಟಿಗೆಯಷ್ಟು ದೊಡ್ಡದೊಂದು ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ಟ್ರಾನ್ಸಿಸ್ಟರಿನ ಆಂಪ್ಲಿಫೈಯರು. ಅದಕ್ಕೆ ಸ್ಪೀಕರಿನ ತಂತಿ ಸಿಕ್ಕಿಸಿ, "ಭಾವ, ಕಣ್ಣು ಮುಚ್ಕೊಂಡು ಒಂದ್ಸಲ ಕೇಳಿ. ನಿಮ್ಮದು ಯಾವುದು, ನನ್ನದು ಯಾವುದು ಅಂತ ಹೇಳಿದ್ರೆ ಸಾಕು" ಎಂದ.

"ಕಣ್ಣು ಮುಚ್ಕೊಂಡು ಹೆಂಡತೀನ ಗುರುತು ಹಿಡಿ ಅಂದ್ರೆ ಹಿಡೀತೀಯೇನೋ?"

"ಮಾತಾಡಿದ್ರೆ ಹಿಡೀತೀನಲ್ಲ ಭಾವ."

ವಾಲ್ವಣ್ಣ ಕೊನೆಗೆ ಕುರ್ಚಿಗೊರಗಿ ಕಣ್ಣು ಮುಚ್ಚಿದರು. ಹತ್ತು ಸೆಕೆಂಡಿನಲ್ಲೇ ಮುಖ ಸಿಂಡರಿಸಿಕೊಂಡು, "ಇದರಲ್ಲಿ ಜೀವವೇ ಇಲ್ಲ ಕಣೋ. ಹೆಣಕ್ಕೆ ಪೌಡರು ಬಳಿದ ಹಾಗಿದೆ" ಎಂದರು.

"ಇನ್ನೂ ಸ್ವಿಚ್ಚೇ ಹಾಕಿಲ್ಲ ಭಾವ. ಅದು ಪಕ್ಕದ ಮನೆಯ ರೇಡಿಯೊ."

ಹೆಂಡತಿ ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ಅಡ್ಡ ಹಿಡಿದುಕೊಂಡರು. ಆದರೂ ನಗು ಹೊರಗೆ ಕೇಳಿಸಿತು. ವಾಲ್ವಣ್ಣನ ಕಿವಿ ಕೆಂಪಾಯಿತು. ಟ್ರಾನ್ಸಿಸ್ಟರಿನಲ್ಲಿ ಹಾದು ಬಂದ ದನಿಯನ್ನು ಇನ್ನು ಈ ಜನ್ಮದಲ್ಲಿ ತಮ್ಮ ಕಿವಿಯೊಳಗೆ ಬಿಟ್ಟುಕೊಳ್ಳುವುದಿಲ್ಲವೆಂದು ಎದ್ದುನಿಂತು ಹೇಳಿದರು. ಭಾವಮೈದ ಪೆಟ್ಟಿಗೆಯನ್ನು ಮತ್ತೆ ಕಂಕುಳಿಗೆ ಸೇರಿಸಿ, ಟೀ ಕೂಡ ಕುಡಿಯದೆ ಮೆಟ್ಟಿಲಿಳಿದ. ಎಂಟು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಆ ಎಂಟು ತಿಂಗಳಲ್ಲೇ ವಾಲ್ವಣ್ಣನಿಗೆ ತಮ್ಮ ಆಂಪ್ಲಿಫೈಯರಿನ ಮೇಲೆ ಅನುಮಾನ ಹುಟ್ಟಿದ್ದು. ಪಿಟೀಲಿನ ಮೇಲಿನ ಸ್ವರಗಳು ಯಾಕೋ ಮಂಕಾಗಿವೆ ಅನ್ನಿಸಿತು. ಹಾಡುವವಳು ಉಸಿರೆಳೆದುಕೊಳ್ಳುವುದು ಮೊದಲು ಕೇಳಿಸುತ್ತಿತ್ತು, ಈಗ ಇಲ್ಲ. ವಾಲ್ವುಗಳಿಗೆ ವಯಸ್ಸಾಯಿತೆಂದು ಅವರು ತೀರ್ಮಾನಿಸಿದರು. ಗುಜರಿ ವ್ಯಾಪಾರಿಯೊಬ್ಬನಿಂದ ಬೇರೆ ವಾಲ್ವು ತರಿಸಿದರು. ಆರರಲ್ಲಿ ಎರಡನ್ನು ಬದಲಾಯಿಸಿದರು, ಆಮೇಲೆ ಆರನ್ನೂ ಬದಲಾಯಿಸಿದರು. ಸ್ಪೀಕರಿನ ಮುಂದಿನ ಬಟ್ಟೆ ಕಿತ್ತು ಹಾಕಿದರು. ಗೋಡೆಗೆ ತೂಗುಹಾಕಿದ್ದ ಜಮಖಾನ ಇಳಿಸಿದರು. ಸಣ್ಣ ದನಿಗಳನ್ನು ಎತ್ತುವ ತಿರುಪನ್ನು ವಾರಕ್ಕಿಷ್ಟು ವಾರಕ್ಕಿಷ್ಟು ತಿರುಗಿಸುತ್ತಾ ಅದು ಇನ್ನು ತಿರುಗದು ಅನ್ನುವಲ್ಲಿಗೆ ತಂದು ನಿಲ್ಲಿಸಿದರು. ಆಮೇಲೆ ಕೂತು ಕೇಳಿ, "ಈಗ ಸ್ವಲ್ಪ ಪರವಾಗಿಲ್ಲ" ಎಂದರು.

ಅವರಿಗೆ ಪರವಾಗಿರಲಿಲ್ಲ, ಉಳಿದವರಿಗೆ ಗತಿಯಿರಲಿಲ್ಲ. ಪಿಟೀಲು ತಗಡು ಕೆರೆದ ಹಾಗೆ ಕಿರುಚುತ್ತಿತ್ತು. ಹಾಡುವವಳ ಒಂದೊಂದು ಸಕಾರವೂ ಸೂಜಿಯಾಗಿ ಬಂದು ಚುಚ್ಚುತ್ತಿತ್ತು. ಹೆಂಡತಿ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡತೊಡಗಿದರು. "ನೋಡಿ, ಅದು ಕೀರಲು ಹೊಡೀತಿದೆ, ಸ್ವಲ್ಪ ತಗ್ಗಿಸಿ" ಎಂದರೆ, "ನಿನ್ನ ಎಕ್ಸ್‌ಚೇಂಜಿನ ಕಿವಿಗೆ ಇದೆಲ್ಲ ಹಿಡಿಸಲ್ಲ ಬಿಡು" ಎಂಬ ಉತ್ತರ ಬರುತ್ತಿತ್ತು. ಆದರೆ ಸಂಘದವರು ಸಂಘದವರೇ. ವಾಲ್ವಿನ ದನಿಗೆ ಹೆಸರು ಇಡುವುದುಂಟೇ? ವಕೀಲರು ಒಂದು ಭಾನುವಾರ ಹಣೆಯನ್ನು ಎರಡು ಬೆರಳಲ್ಲಿ ಒತ್ತಿಕೊಂಡು, "ಎಂಥ ಸ್ಪಷ್ಟತೆ" ಎಂದರು. ಡಾಕ್ಟರು ಹಲ್ಲು ಕಚ್ಚಿಕೊಂಡು ಕೂತಿದ್ದವರು, "ನನ್ನ ಡ್ರಿಲ್ ಮಷಿನ್ನಿನ ಹತ್ತಿರ ಕೂತ ಹಾಗೇ ಇದೆ. ಅಷ್ಟು ಸಹಜ" ಎಂದರು. ಅಧ್ಯಕ್ಷರು ವಾಲ್ವುಗಳ ಕಡೆ ಕೈ ತೋರಿಸಿದರು.

ಅಂಗಡಿಯಲ್ಲಿ ಬೇರೆಯೇ ಕಷ್ಟ ಶುರುವಾಗಿತ್ತು. ಮಾಡಿಕೊಟ್ಟ ಕನ್ನಡಕಗಳು ಒಂದೊಂದಾಗಿ ವಾಪಸು ಬರುತ್ತಿದ್ದವು. ಟೈಲರ್ ಒಬ್ಬ ಮೂರನೆಯ ಸಲ ಬಂದು, "ಅಣ್ಣಾ, ಇದು ಹಾಕ್ಕೊಂಡ್ರೆ ಸೂಜಿ ಒನಕೆ ಥರ ಕಾಣತ್ತೆ, ದಾರ ಪೋಣಿಸೋಕೆ ಹೋದ್ರೆ ಪಕ್ಕದಲ್ಲಿ ಹೋಗತ್ತೆ. ನಿನ್ನೆ ಒಬ್ಬರ ಕೋಟಿಗೆ ಎಡಗಡೆ ತೋಳನ್ನ ಬಲಗಡೆ ಹಚ್ಚಿಬಿಟ್ಟೆ" ಎಂದು ದೂರಿದ. ಮುದ್ರಣಾಲಯದಲ್ಲಿ ಕರಡು ತಿದ್ದುವವರು ವಾಂತಿ ಬರುತ್ತದೆಂದರು. "ಅಭ್ಯಾಸ ಆಗತ್ತೆ, ಒಂದು ವಾರ ಹಾಕ್ಕೊಳ್ಳಿ" ಎಂದು ವಾಲ್ವಣ್ಣ ಎಲ್ಲರನ್ನೂ ಸಾಗಹಾಕುತ್ತಿದ್ದರು. ಗಾಜು ಮಾಡುವ ಕಾರ್ಖಾನೆಯವರಿಗೆ ಎರಡು ಕಾಗದ ಬರೆದು ಉಗಿದರು.

ಟೈಲರು ನಾಲ್ಕನೆಯ ಸಲ ಬಂದ ದಿನ ಹೆಂಡತಿ ಬೀಗದ ಕೈ ಕೊಡಲು ಅಂಗಡಿಗೆ ಬಂದಿದ್ದರು. ವಾಲ್ವಣ್ಣ ಅಕ್ಷರದ ಕಾರ್ಡು ಕೊಟ್ಟು ಓದಿಸುತ್ತಿದ್ದರು.

"ಸ," ಎಂದ ಟೈಲರು.

"ತ ಅಲ್ಲ. ಸರಿಯಾಗಿ ನೋಡು."

"ಸ."

"ಮತ್ತೆ ತ ಅಂತೀಯಲ್ಲಪ್ಪ. ಇನ್ನೊಂದು ನಂಬರು ಹೆಚ್ಚು ಮಾಡೋಣ." ಅವರು ಇನ್ನೊಂದು ಗಾಜು ಸಿಕ್ಕಿಸಿದರು. "ಈಗ ಹೇಳು."

"ಈಗ ಯಾವುದೂ ಕಾಣ್ತಿಲ್ಲ ಅಣ್ಣಾ."

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಹೆಚ್ಚಿದ ತಿರುಪು, ಕಿತ್ತ ಬಟ್ಟೆ, ನಾಲ್ಕು ತಿಂಗಳಿಂದ ತಾವು ಕಿವಿಗೆ ತುರುಕಿಕೊಂಡಿದ್ದ ಹತ್ತಿ. ಎಕ್ಸ್‌ಚೇಂಜಿನಲ್ಲಿ ಇಂಥವರು ದಿನಕ್ಕೆ ನಾಲ್ಕಾರು ಜನ ಸಿಗುತ್ತಿದ್ದರು. 'ಸರಿ' ಅಂದರೆ 'ಯಾರ ಕರಿ?' ಎಂದು ಕೇಳುವವರು.  ಟೈಲರು ಹೋದ ಮೇಲೆ ಆಕೆ ಒಳಗೆ ಬಂದು, ಕೇಳಿಸಿದ್ದನ್ನು ಹಾಗೇ ಹೇಳಿ ಎಂದು, ಕಾರ್ಡನ್ನು ತಮ್ಮ ಬಾಯಿಗೆ ಅಡ್ಡ ಹಿಡಿದು ಅದೇ ಸಾಲನ್ನು ಹಿಂದುಮುಂದು ಮಾಡಿ ಓದಿದರು. ಹತ್ತು ಅಕ್ಷರದಲ್ಲಿ ವಾಲ್ವಣ್ಣ ಆರನ್ನು ತಪ್ಪು ಹೇಳಿದರು.

"ಅವನ ಕಣ್ಣು ಚೆನ್ನಾಗಿದೆ," ಎಂದರು ಹೆಂಡತಿ. "ನಿಮಗೆ ಕೇಳಿಸ್ತಿಲ್ಲ ಅಷ್ಟೆ. ಕಣ್ಣಿಗೆ ವಯಸ್ಸಾಗೋದು ನಾಚಿಕೆ ಪಡೋ ವಿಷಯ ಅಲ್ಲ ಅಂತ ದಿನಾ ಇಲ್ಲಿ ಕೂತು ಹೇಳ್ತೀರಲ್ಲ. ನಾಳೆ ಕಿವಿ ತೋರಿಸೋಕೆ ಹೋಗೋಣ."

ವಾಲ್ವಣ್ಣ ಆ ಕಾರ್ಡನ್ನು ತಿರುಗಿಸಿ ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದರು. ಏನೂ ಇರಲಿಲ್ಲ.

ಕಿವಿ ಪರೀಕ್ಷೆಯ ಕೋಣೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು ಅವರನ್ನು ಗಾಜಿನ ಗೂಡಿನೊಳಗೆ ಕೂರಿಸಿ, ಶಬ್ದ ಕೇಳಿಸಿದಾಗ ಗುಂಡಿ ಒತ್ತಲು ಹೇಳಿದರು. ಮೊದಲು ನಾಲ್ಕಾರು ಸಲ ಒತ್ತಿದ ಮೇಲೆ ಎಷ್ಟೋ ಹೊತ್ತು ಒತ್ತುವ ಪ್ರಸಂಗವೇ ಬರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಆಕೆ ಒಂದು ಕಾಗದ ಮುಂದಿಟ್ಟರು. ಗೆರೆ ಎಡಗಡೆಯಲ್ಲಿ ದಪ್ಪ ದನಿಗಳಿಂದ ನೆಟ್ಟಗೆ ಹೊರಟು, ಸಣ್ಣ ದನಿಗಳ ಕಡೆ ಹೋಗುವ ಅರ್ಧ ದಾರಿಯಲ್ಲಿ ಮೆಟ್ಟಿಲಿಂದ ಜಾರಿದವನ ಹಾಗೆ ಕೆಳಕ್ಕೆ ಬಿದ್ದಿತ್ತು.

"ನಿಮ್ಮ ಮಷಿನ್ನು ಟ್ರಾನ್ಸಿಸ್ಟರಿಂದಾ?" ಎಂದರು ವಾಲ್ವಣ್ಣ.

"ಹೌದು."

"ಅದಕ್ಕೇ. ವಾಲ್ವಿನದಾಗಿದ್ರೆ ನನಗೆ ಕೇಳಿಸ್ತಿತ್ತು."

ಆ ಹೆಂಗಸು ದಿನಕ್ಕೆ ಹತ್ತು ಜನರ ನೆಪ ಕೇಳುವವರು. ಆದರೂ ಇದು ಹೊಸದಾಗಿತ್ತು. ಎರಡೂ ಕಿವಿಗೆ ಮಷಿನ್ನು ಬೇಕು, ಬಟಾಣಿ ಗಾತ್ರದ್ದು, ಹಾಕಿದರೆ ಯಾರಿಗೂ ಕಾಣುವುದಿಲ್ಲ ಎಂದು ವಿವರಿಸಿದರು. ವಾಲ್ವಣ್ಣ ತಗ್ಗಿದ ದನಿಯಲ್ಲಿ, ಅದರಲ್ಲಿ ವಾಲ್ವಿನದು ಸಿಗುವುದಿಲ್ಲವೇ ಎಂದು ಕೇಳಿದರು.

"ಎಪ್ಪತ್ತು ವರ್ಷದ ಹಿಂದೆ ಸಿಗ್ತಿತ್ತಂತೆ ಸರ್. ಎದೆ ಮೇಲೊಂದು ಡಬ್ಬಿ, ಸೊಂಟದಲ್ಲಿ ಬ್ಯಾಟರಿ, ಕಿವಿಗೆ ವೈರು. ಅದನ್ನ ಹಾಕ್ಕೊಂಡವರು ಟ್ರಾನ್ಸಿಸ್ಟರ್ ಬಂದ ದಿನವೇ ಬಿಸಾಕಿದ್ರಂತೆ."

ತಮಾಷೆಗೆ ಹೇಳಿದ ಮಾತು ಅದು. ವಾಲ್ವಣ್ಣ ಅದನ್ನು ವಿಳಾಸ ಕೊಟ್ಟರೆಂದೇ ತಿಳಿದರು. ಬಿಸಾಕಿದ್ದು ಎಲ್ಲೋ ಒಂದು ಕಡೆ ಬಿದ್ದಿರಲೇಬೇಕಲ್ಲ. ಮೂರು ವಾರದಲ್ಲಿ ಅದೇ ಗುಜರಿ ವ್ಯಾಪಾರಿ ಹುಡುಕಿ ತಂದ. ಸೋಪಿನ ಡಬ್ಬಿಯಷ್ಟಿತ್ತು, ಒಳಗೆ ಪೆನ್ಸಿಲ್ ತುಂಡಿನಂಥ ಮೂರು ಪುಟ್ಟ ವಾಲ್ವು. ಆದರೆ ಅದಕ್ಕೆ ಬೇಕಾದ ಬ್ಯಾಟರಿಯನ್ನು ಮಾಡುವುದನ್ನು ಕಾರ್ಖಾನೆಗಳು ಬಿಟ್ಟು ಎರಡು ತಲೆಮಾರಾಗಿತ್ತು.

ಹೆಂಡತಿ ತಮ್ಮನಿಗೆ ಫೋನು ಮಾಡಿದರು. "ನಗಬಾರದು" ಎಂದು ಮೊದಲೇ ಆಣೆ ಹಾಕಿಸಿಕೊಂಡು ವಿಷಯ ಹೇಳಿದರು. ಅವನು ಐದು ಚಿಕ್ಕ ಬ್ಯಾಟರಿಗಳನ್ನು ಒಂದಕ್ಕೊಂದು ಬೆಸೆದು, ಟೇಪು ಸುತ್ತಿ, ಬೆಲ್ಟಿಗೆ ಸಿಕ್ಕಿಸುವ ಚೀಲ ಮಾಡಿಕೊಂಡು ಬಂದ. ಭಾವನ ಸೊಂಟಕ್ಕೆ ತಾನೇ ಕಟ್ಟಿದ. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಕೆಳಗಿಳಿದು ಬೀದಿಯ ಮೂಲೆ ತಿರುಗಿದ ಮೇಲೆ ಮಾತ್ರ ಗೋಡೆ ಹಿಡಿದುಕೊಂಡು ಐದು ನಿಮಿಷ ನಿಂತಿದ್ದನೆಂದು ಆಮೇಲೆ ಹಾಲಿನ ಅಂಗಡಿಯವನು ಹೇಳಿದ.

ಆ ಭಾನುವಾರ ಸಂಘದಲ್ಲಿ ವಾಲ್ವಣ್ಣನಿಗೆ ಸಿಕ್ಕಿದ್ದು ರಾಜಮರ್ಯಾದೆ. ವಕೀಲರು ಎದೆಯ ಡಬ್ಬಿಯನ್ನು ಮುಟ್ಟಿ ನೋಡಿ, "ಆಂಪ್ಲಿಫೈಯರೂ ವಾಲ್ವು, ಕಿವಿಯೂ ವಾಲ್ವು. ಇನ್ನೇನು ಬೇಕು ಹೇಳಿ" ಎಂದರು. ಡಾಕ್ಟರು ತಮಗೂ ಒಂದು ಸಿಗಬಹುದೇ, ಕಿವಿ ಸರಿಯಿದ್ದವರು ಹಾಕಿಕೊಳ್ಳಬಹುದೇ ಎಂದು ವಿಚಾರಿಸಿದರು.

ಸೋಮವಾರದಿಂದ ನಿಜ ಸಂಗತಿ ಶುರುವಾಯಿತು. ಆ ಡಬ್ಬಿಗೆ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುತ್ತಿದ್ದದ್ದು ವಾಲ್ವಣ್ಣನ ಅಂಗಿ. ಉಸಿರಾಡಿದರೆ ಯಾರೋ ಪಕ್ಕದಲ್ಲಿ ಚಾಪೆ ಎಳೆದ ಸದ್ದು. ಕೈ ಎತ್ತಿದರೆ ಬಿರುಗಾಳಿ. ಲಾರಿ ಹೋದರೆ ಎದೆಯೊಳಗೇ ಹೋದ ಹಾಗೆ. ಎಲ್ಲ ಸದ್ದೂ ದೊಡ್ಡದಾಗಿತ್ತು, ಬೇಕಾದ ಸಣ್ಣ ಸದ್ದು ಮಾತ್ರ ಹಿಂದಿನಷ್ಟೇ ದೂರದಲ್ಲಿತ್ತು. ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸಲು ತಲೆ ಬಗ್ಗಿಸಿದರೆ ಡಬ್ಬಿ ಕುಯ್ಯೆಂದು ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆ ಅವರೊಬ್ಬರನ್ನು ಬಿಟ್ಟು ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳಿಸುತ್ತಿತ್ತು. ಒಬ್ಬ ಹೆಂಗಸು ತನ್ನನ್ನು ನೋಡಿ ಸಿಳ್ಳೆ ಹಾಕಿದರೆಂದು ಗಂಡನನ್ನು ಕರೆತಂದಳು. ಗಂಡನಿಗೆ ಸೊಂಟದ ಚೀಲ, ಎದೆಯ ಡಬ್ಬಿ, ವೈರು ಎಲ್ಲವನ್ನೂ ಬಿಚ್ಚಿ ತೋರಿಸಿ ನಂಬಿಸುವ ಹೊತ್ತಿಗೆ ವಾಲ್ವಣ್ಣ ಬೆವತು ನೀರಾಗಿದ್ದರು.

ಶನಿವಾರ ಟೈಲರು ಬಂದ. ಈ ಸಲ ಅವನು ದೂರು ಹೇಳಲಿಲ್ಲ. ಕನ್ನಡಕವನ್ನು ಮೇಜಿನ ಮೇಲಿಟ್ಟು, "ಬೇಡ ಬಿಡಿ ಅಣ್ಣಾ, ನನ್ನ ಕಣ್ಣೇ ಹೋಗಿರಬೇಕು. ಹೊಲಿಗೆ ಬಿಟ್ಟು ಬೇರೆ ಏನಾದ್ರೂ ನೋಡ್ಕೋತೀನಿ" ಎಂದ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ಅದು ವಾಲ್ವಣ್ಣನಿಗೆ ಗೊತ್ತಿತ್ತು, ಒಂದು ತಿಂಗಳಿಂದ ಗೊತ್ತಿತ್ತು. ಅವರು ಕಿವಿಯಿಂದ ವೈರು ಕಿತ್ತು, ಡಬ್ಬಿಯನ್ನು ಮೇಜಿನ ಖಾನೆಗೆ ಹಾಕಿ, "ಒಂದು ವಾರ ತಡಿ. ಕೆಲಸ ಬಿಡಬೇಡ" ಎಂದರು. ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿ ಒಬ್ಬರೇ ಕಿವಿ ಪರೀಕ್ಷೆಯ ಕೋಣೆಗೆ ನಡೆದರು.

ಬಟಾಣಿ ಗಾತ್ರದ ಮಷಿನ್ನುಗಳನ್ನು ಹಾಕಿಕೊಂಡು ಮನೆಗೆ ಬಂದವರು ಮೊದಲು ಮಾಡಿದ್ದು ಆಂಪ್ಲಿಫೈಯರಿನ ಸ್ವಿಚ್ ಹಾಕಿದ್ದು. ಅರ್ಧ ಗಂಟೆ ಕಾದರು. ರೆಕಾರ್ಡಿನ ಮೇಲೆ ಮುಳ್ಳು ಇಟ್ಟರು. ಮರುಕ್ಷಣವೇ ಬೆಚ್ಚಿಬಿದ್ದು ಮುಳ್ಳು ಎತ್ತಿದರು. ಯಾರೋ ಕಿವಿಯೊಳಗೆ ಉಗುರು ಹಾಕಿ ಎಳೆದ ಹಾಗಿತ್ತು. ಮಷಿನ್ನು ಕೆಟ್ಟಿದೆಯೆಂದು ಒಂದು ಕ್ಷಣ ಖುಷಿಪಟ್ಟರು. ಆಮೇಲೆ ಹೆಂಡತಿಯ ಕಡೆ ನೋಡಿದರು. ಆಕೆಯ ಎರಡೂ ಕಿವಿಯಲ್ಲಿ ಹತ್ತಿಯಿತ್ತು.

"ಯಾವಾಗಿನಿಂದ ಹೀಗಿದೆ?"

"ಐದು ತಿಂಗಳಾಯ್ತು."

"ಯಾರೂ ಹೇಳಲಿಲ್ಲವಲ್ಲ."

"ನಾನು ಹೇಳಿದ್ದೆ," ಎಂದರು ಹೆಂಡತಿ. ಅಷ್ಟಕ್ಕೇ ನಿಲ್ಲಿಸಿದರು. ಅದು ದೊಡ್ಡ ಮನಸ್ಸು.

ಅವತ್ತು ಸಂಜೆಯೊಳಗೆ ತಿರುಪು ಹಿಂದಕ್ಕೆ ಬಂತು, ಹಳೆಯ ವಾಲ್ವುಗಳು ವಾಪಸು ಕೂತವು, ಸ್ಪೀಕರಿಗೆ ಬಟ್ಟೆ ಏರಿತು. ಭಾನುವಾರ ಸಂಘದವರು ಬಂದರು. ಸಂಗೀತ ಮೊದಲಾಗಿ ಎರಡು ನಿಮಿಷಕ್ಕೆ ವಕೀಲರ ಹುಬ್ಬು ಸಡಿಲವಾಯಿತು, ಡಾಕ್ಟರ ದವಡೆ ಸಡಿಲವಾಯಿತು. ವಾಲ್ವಣ್ಣ ಇದನ್ನು ನೋಡುತ್ತಲೇ ಇದ್ದರು. ಮುಗಿದ ಮೇಲೆ ಸುಮ್ಮನಿರುವ ಪದ್ಧತಿಯನ್ನು ಮುರಿದು, "ಐದು ತಿಂಗಳು ಹೇಗ್ರೀ ಸಹಿಸಿಕೊಂಡ್ರಿ?" ಎಂದು ಕೇಳಿಬಿಟ್ಟರು. ವಕೀಲರು ಜೇಬಿನಿಂದ ತಲೆನೋವಿನ ಮಾತ್ರೆಯ ಪಟ್ಟಿ ತೆಗೆದು ತೋರಿಸಿದರು. ಡಾಕ್ಟರು, ತಮಗೇ ಏನೋ ಕೊರತೆಯಿರಬೇಕು, ವಾಲ್ವಿನ ದನಿ ತಪ್ಪಿರಲಾರದು ಎಂದುಕೊಂಡಿದ್ದಾಗಿ ಒಪ್ಪಿಕೊಂಡರು.

ವಾಲ್ವಣ್ಣ ಕಿವಿಯಿಂದ ಮಷಿನ್ನು ತೆಗೆದು ಅಂಗೈಯಲ್ಲಿ ಹಿಡಿದು ತಾವೇ ಎಲ್ಲ ಹೇಳಿಕೊಂಡರು. ಅದು ಟ್ರಾನ್ಸಿಸ್ಟರಿನದೆಂಬುದನ್ನೂ ಮುಚ್ಚಿಡಲಿಲ್ಲ. ಕೋಣೆಯಲ್ಲಿ ಇದ್ದಕ್ಕಿದ್ದಂತೆ ಯಾರೋ ತೀರಿಕೊಂಡ ಹಾಗಾಯಿತು.

"ಹಾಗಾದ್ರೆ ತಾಂತ್ರಿಕವಾಗಿ," ಎಂದರು ವಕೀಲರು ಗಂಟಲು ಸರಿಮಾಡಿಕೊಂಡು, "ನೀವು ಈಗ ವಾಲ್ವು ಕೇಳ್ತಾ ಇಲ್ಲ."

ಮುಂದಿನ ಭಾನುವಾರ ನಿರ್ಣಯ ಬಂತು, ಟೈಪು ಮಾಡಿದ್ದು. ಕಿವಿಯಲ್ಲಿ ಟ್ರಾನ್ಸಿಸ್ಟರು ಧರಿಸಿದವರು ಸಭೆಗೆ ಬರಬಹುದು, ಟೀ ಕುಡಿಯಬಹುದು, ದನಿಯ ಬಗ್ಗೆ ಅಭಿಪ್ರಾಯ ಹೇಳುವ ಹಾಗಿಲ್ಲ. ಪರವಾಗಿ ಎರಡು ಮತ, ವಿರುದ್ಧ ಒಂದು. ಹದಿನೈದು ವರ್ಷದ ಅಧ್ಯಕ್ಷರು ತಮ್ಮದೇ ಮನೆಯಲ್ಲಿ, ತಮ್ಮದೇ ಆಂಪ್ಲಿಫೈಯರಿನ ಮುಂದೆ, ತಾವೇ ಮಾಡಿಸಿದ ಟೀ ಎದುರಿಗಿಟ್ಟುಕೊಂಡು ಸಂಘದಿಂದ ಹೊರಬಿದ್ದ ಹಾಗಾದರು. ಸಂಘ ಡಾಕ್ಟರ ಮನೆಗೆ ವರ್ಗವಾಯಿತು. ಅಲ್ಲಿ ಆಂಪ್ಲಿಫೈಯರು ಇರಲಿಲ್ಲ. ತರಿಸುವ ಬಗ್ಗೆ ಚರ್ಚೆ ನಡೆಯುತ್ತಿದೆ ಎಂದು ಸುದ್ದಿ.

ವಾಲ್ವಣ್ಣನಿಗೆ ನೋವಾಗಲಿಲ್ಲ ಎಂದರೆ ಸುಳ್ಳು. ಎರಡು ಭಾನುವಾರ ಪರದೆ ಎಳೆಯದೆ ಸುಮ್ಮನೆ ಕೂತರು. ಮೂರನೆಯ ಭಾನುವಾರ ಭಾವಮೈದನಿಗೆ ತಾವೇ ಫೋನು ಮಾಡಿ, ಆ ಇಟ್ಟಿಗೆಯನ್ನು ತಾ ಎಂದರು. ಅವನು ತಂದ. ಅಕ್ಕ, ತಮ್ಮ, ಭಾವ ಮೂವರೂ ಕೂತು ಒಂದೇ ಪಿಟೀಲನ್ನು ಅದರಲ್ಲೊಮ್ಮೆ ಇದರಲ್ಲೊಮ್ಮೆ ಕೇಳಿದರು. ವಾಲ್ವಣ್ಣನಿಗೆ ತಮ್ಮದೇ ಹೆಚ್ಚು ಹಿಡಿಸಿತು. ಯಾಕೆಂದು ಕೇಳಿದರೆ ಹೇಳಲು ಬರಲಿಲ್ಲ. ಹೆಂಡತಿ ಇಬ್ಬರ ಮುಖವನ್ನೂ ನೋಡಿ, ತಮ್ಮನದು ಸ್ಪಷ್ಟ, ಗಂಡನದರಲ್ಲಿ ದನಿ ಸ್ವಲ್ಪ ಉಬ್ಬಿದೆ, ಕೇಳಲು ಎರಡೂ ಅಡ್ಡಿಯಿಲ್ಲ ಎಂದರು. ಆ ಮನೆಯಲ್ಲಿ ಆಕೆಯನ್ನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಉಳಿದದ್ದು ಕನ್ನಡಕದ ಕೆಲಸ. ಎಂಟು ತಿಂಗಳಲ್ಲಿ ಕಣ್ಣು ಪರೀಕ್ಷೆ ಮಾಡಿಸಿಕೊಂಡವರ ವಿಳಾಸ ಹುಡುಕಿ ವಾಲ್ವಣ್ಣ ಒಬ್ಬೊಬ್ಬರ ಮನೆಗೂ ಹೋದರು. ತಪ್ಪು ತಮ್ಮದೆಂದು ಹೇಳಿ, ಮತ್ತೆ ಓದಿಸಿ, ಗಾಜು ಬದಲಾಯಿಸಿಕೊಟ್ಟರು. ಟೈಲರು ಹೊಸ ಕನ್ನಡಕ ಹಾಕಿಕೊಂಡು ಮೊದಲ ಸಲಕ್ಕೇ ದಾರ ಪೋಣಿಸಿದ. ಕರಡು ತಿದ್ದುವವರು ಕನ್ನಡಕದ ಜೊತೆ ಕೊಟ್ಟ ನಂಬರಿನ ಚೀಟಿಯಲ್ಲಿದ್ದ ಎರಡು ಕಾಗುಣಿತ ತಪ್ಪು ತೋರಿಸಿ ಕಳಿಸಿದರು.

ಕೊನೆಗೆ ಉಳಿದವರು ಸ್ವೆಟರು ಹೆಣೆಯುವ ಒಬ್ಬ ಅಜ್ಜಿ. ಕಿಟಕಿಯ ಹತ್ತಿರ ಕೂತು, ಮೂಗಿನ ಮೇಲೆ ಆ ದಪ್ಪ ಗಾಜು ಇಟ್ಟುಕೊಂಡು ಹೆಣೆಯುತ್ತಿದ್ದರು. ವಾಲ್ವಣ್ಣ ನಿಂತುಕೊಂಡೇ ವಿಷಯ ಹೇಳಿ ಕ್ಷಮೆ ಕೇಳಿದರು.

"ಬೇಡಪ್ಪ, ಇದು ಇರಲಿ," ಎಂದರು ಅಜ್ಜಿ.

"ಇದು ಸರಿಯಾದ ನಂಬರಲ್ಲಮ್ಮ. ಇರೋದಕ್ಕಿಂತ ದೊಡ್ಡದಾಗಿ ತೋರಿಸತ್ತೆ."

"ನನಗೂ ಗೊತ್ತು. ಮೊಮ್ಮಗಳು ಮಡಿಲಲ್ಲಿ ಕೂತರೆ ಮುಖ ಎಷ್ಟು ತುಂಬಿಕೊಂಡು ಕಾಣತ್ತೆ. ಅದು ನರಪೇತಲ, ಊಟ ಸರಿಯಾಗಿ ಮಾಡಲ್ಲ. ಹೆಣಿಗೆ ಕೂಡ ಹಗ್ಗದ ಹಾಗೆ ದಪ್ಪಗೆ ಕಾಣತ್ತೆ, ಕೆಲಸ ಬೇಗ ಆಗ್ತಿದೆ ಅನ್ನಿಸತ್ತೆ."

"ತಲೆನೋವು ಬರಲ್ವಾ?"

"ಬಂದ್ರೆ ತೆಗೆದಿಡ್ತೀನಿ."

ಅಜ್ಜಿಯ ಹಳೆಯ ಚೀಟಿಯ ನಂಬರಿಗೆ ಮಾಡಿಸಿ ತಂದಿದ್ದ ಸರಿಯಾದ ಕನ್ನಡಕವನ್ನು ವಾಲ್ವಣ್ಣ ಚೀಲದಿಂದ ತೆಗೆದರು. ಹೇಳಬೇಕಾದ ಮಾತೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ನಲವತ್ತು ವರ್ಷ ಹೇಳಿದ್ದೇ ಅದು. ಆದರೂ ಎರಡನ್ನೂ ಇಟ್ಟುಕೊಳ್ಳಿ ಎಂದು ಹೊಸದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಅಜ್ಜಿಯ ಮೂಗಿನ ಮೇಲಿದ್ದ ಕನ್ನಡಕದ ಒಂದು ಕಡ್ಡಿ ಸಡಿಲವಾಗಿತ್ತು. ಜೇಬಿನಿಂದ ಪುಟ್ಟ ತಿರುಪುಳಿ ತೆಗೆದು, ಬಗ್ಗಿ, ಅದನ್ನು ಬಿಗಿ ಮಾಡಿ, ಮೆತ್ತನೆಯ ಬಟ್ಟೆಯಲ್ಲಿ ಗಾಜು ಒರೆಸಿ ವಾಪಸು ಕೂರಿಸಿದರು. ಅಜ್ಜಿ ಅವರ ಮುಖವನ್ನು ಹತ್ತಿರದಿಂದ ನೋಡಿ, "ನೀನೂ ಸ್ವಲ್ಪ ದಪ್ಪ ಆಗಿದ್ದೀಯ" ಎಂದರು.